ಹಸಿ ವಟಾಣಿ: ಜಮಖಂಡಿ–ಮುಧೋಳ ಸೀಮೆಯಲ್ಲಿ ತಳಿಗಳ ಆಯ್ಕೆ ಮತ್ತು ಬೇಸಾಯ

ಹಸಿ ವಟಾಣಿ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಬಳ್ಳಿ. ಪುಸ್ತಕದ ಕನ್ನಡದಲ್ಲಿ ಇದು ಬಟಾಣಿ. ಸಸ್ಯಶಾಸ್ತ್ರೀಯ ಹೆಸರು ಪೈಸಮ್ ಸಟೈವಮ್. ಪಶ್ಚಿಮ ಏಷ್ಯಾದ ಚಳಿಗಾಲದ ಮಳೆಯ ನಾಡಿನಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯನ ಕೈಗೆ ಬಂದ ಈ ಬೆಳೆ ಇಂದಿಗೂ ಆ ತಂಪನ್ನೇ ಬೇಡುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿ ತಾಲೂಕುಗಳಲ್ಲಿ ಇದು ಹಿಂಗಾರಿಯ ಸಣ್ಣ ತರಕಾರಿ ಬೆಳೆ. ಕಬ್ಬು, ಗೋವಿನಜೋಳ, ಕಡಲೆ, ಅರಿಸಿನಗಳ ನಡುವೆ ಇದರ ಪಾಲು ಕಡಿಮೆ. ಆದರೂ ಎರಡು–ಮೂರು ತಿಂಗಳಲ್ಲಿ ಕೈಗೆ ರೊಕ್ಕ ಕೊಡುವ, ಹೊಲಕ್ಕೆ ಸಾರಜನಕ ಉಳಿಸುವ ಬೆಳೆಯಾಗಿ ಇದಕ್ಕೆ ಈಗಿರುವುದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕು.

ಈ ಸೀಮೆಯಲ್ಲಿ ವಟಾಣಿಯ ಭವಿಷ್ಯವನ್ನು ನಿರ್ಧರಿಸುವುದು ಹವೆ. ಹೂವು–ಕಾಯಿ ಚೆನ್ನಾಗಿ ಕಟ್ಟಲು 13ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉತ್ತಮ. 30 ಡಿಗ್ರಿ ದಾಟಿದರೆ ಹೂವು ಉದುರುತ್ತದೆ, ಕಾಯಿಯಲ್ಲಿ ಕಾಳು ಕಡಿಮೆಯಾಗುತ್ತದೆ, ಇದ್ದ ಕಾಳೂ ಬೇಗ ಬಲಿತು ಸಿಹಿ ಕಳೆದುಕೊಳ್ಳುತ್ತದೆ. ಬೆಂಗಳೂರು–ಕೋಲಾರದ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಸುಮಾರು 750 ಮೀಟರ್. ಕೃಷ್ಣಾ–ಘಟಪ್ರಭಾ ಕಣಿವೆಯ ಈ ಹೊಲಗಳು ಅವೆರಡಕ್ಕಿಂತಲೂ ತಗ್ಗಿನಲ್ಲಿವೆ. ಡಿಸೆಂಬರ್–ಜನವರಿಯಲ್ಲಿ ರಾತ್ರಿ ಚಳಿ 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು 29–30ರ ಹತ್ತಿರವೇ ಇರುತ್ತದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಆದ್ದರಿಂದ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಬಿತ್ತಿ, ಜನವರಿ ಅಂತ್ಯದೊಳಗೆ ಕಾಯಿ ಬಿಡಿಸಿ ಮುಗಿಸಬೇಕು. ತಳಿ ಆರಿಸುವಾಗ ಮೊದಲು ನೋಡಬೇಕಾದದ್ದು ಎಕರೆಗೆ ಎಷ್ಟು ಇಳುವರಿ ಎಂಬುದಲ್ಲ, ಎಷ್ಟು ದಿನಕ್ಕೆ ಕಾಯಿ ಎಂಬುದು.

ವಟಾಣಿಯಲ್ಲಿ ಎರಡು ಬಗೆ. ಒಣಗಿದಾಗ ದುಂಡಗೆ, ನುಣುಪಾಗಿ ಉಳಿಯುವ ಕಾಳು ಹೊಲದ ವಟಾಣಿಯದು. ಉಸಳಿಗೆ, ಬೇಳೆಗೆ, ಹಿಟ್ಟಿಗೆ ಬರುವುದು ಇದೇ. ಒಣಗಿದಾಗ ಸುಕ್ಕಾಗುವ ಕಾಳು ತೋಟದ ವಟಾಣಿಯದು, ಹಸಿಯಾಗಿ ತಿನ್ನಲು ಸಿಹಿ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಆನುವಂಶಿಕತೆಯ ನಿಯಮಗಳಿಗೆ ಆಧಾರವಾದ ಏಳು ಗುಣಗಳಲ್ಲಿ ಈ ದುಂಡು–ಸುಕ್ಕು ಭೇದವೂ ಒಂದು. ಸುಕ್ಕು ಕಾಳಿನಲ್ಲಿ ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಸಕ್ಕರೆ ಪಿಷ್ಟವಾಗದೆ ಉಳಿಯುತ್ತದೆ, ನೀರನ್ನೂ ಹೆಚ್ಚು ಹಿಡಿಯುತ್ತದೆ, ಒಣಗುವಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ರೈತನಿಗೆ ಇದರಿಂದ ತಿಳಿಯಬೇಕಾದ ಮಾತೊಂದಿದೆ: ಸಿಹಿ ಹೆಚ್ಚಿರುವ ಸುಕ್ಕು ಬೀಜ ಜಿಗುಟು ಎರೆಮಣ್ಣಿನ ಹೆಚ್ಚು ತೇವದಲ್ಲಿ ದುಂಡು ಬೀಜಕ್ಕಿಂತ ಬೇಗ ಕೊಳೆಯುತ್ತದೆ. ಕಿರಾಣಿ ಅಂಗಡಿಯ ಒಣ ವಟಾಣಿ ತಂದು ಬಿತ್ತಿದರೆ ಸಸಿ ಚೆನ್ನಾಗಿ ಏಳಬಹುದು, ಕಾಯಿ ಮಾತ್ರ ಸಪ್ಪೆ.

ತಳಿಗಳಲ್ಲಿ ಮೊದಲು ಹೇಳಬೇಕಾದದ್ದು ಆರ್ಕೆಲ್. ಯೂರೋಪಿನಿಂದ ಬಂದು ಭಾರತದಲ್ಲಿ ನೆಲೆಯೂರಿದ ಗಿಡ್ಡ ತಳಿ ಇದು. ಗಿಡ ಮೊಣಕಾಲೆತ್ತರ, ಕಾಯಿ ಕಡುಹಸಿರು, ತುದಿ ಕುಡುಗೋಲಿನಂತೆ ಬಾಗಿದ್ದು. ಬಿತ್ತಿದ 55–60 ದಿನಕ್ಕೆ ಮೊದಲ ಬಿಡಿಸುವಿಕೆ ಸಿಗುತ್ತದೆ. ಅಕ್ಟೋಬರ್ 20ರಂದು ಬಿತ್ತಿದರೆ ಡಿಸೆಂಬರ್ ಮೂರನೆಯ ವಾರದಲ್ಲಿ ಬುಟ್ಟಿ ತುಂಬುತ್ತದೆ, ಸಂಕ್ರಾಂತಿಯ ವೇಳೆಗೆ ಹೊಲ ಖಾಲಿ. ಬೂದಿ ರೋಗವನ್ನು ತಾಳುವ ಶಕ್ತಿ ಇದಕ್ಕಿಲ್ಲ, ಆದರೆ ರೋಗ ಜೋರಾಗುವ ಮೊದಲೇ ಬೆಳೆ ಮುಗಿದಿರುತ್ತದೆ. ಅಮೆರಿಕದಿಂದ ಬಂದ ಬೋನ್‌ವಿಲ್ ರುಚಿಯಲ್ಲಿ ಮೇಲು, ಜೋಡಿ ಕಾಯಿ ಬಿಡುತ್ತದೆ. ಮೊದಲ ಕಾಯಿಗೆ 80–85 ದಿನ ಬೇಕು. ಅಷ್ಟರಲ್ಲಿ ಬೂದಿಯೂ ಬಿಸಿಲೂ ಬಂದು ಮುಟ್ಟುವುದರಿಂದ ಈ ನಾಲ್ಕು ತಾಲೂಕುಗಳಿಗೆ ಅದು ತಕ್ಕ ತಳಿಯಲ್ಲ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆಲಸ ಇಲ್ಲಿ ಬಹಳ ಮುಖ್ಯ. ಅದು ಕೊಟ್ಟ ಅರ್ಕಾ ಅಜಿತ್ ಬೂದಿ ರೋಗ, ತುಕ್ಕು ರೋಗ ಎರಡನ್ನೂ ತಡೆಯುವ ತಳಿ. ಅವಧಿ 90 ದಿನ, ಹೆಕ್ಟೇರಿಗೆ ಸುಮಾರು 10 ಟನ್ ಹಸಿಕಾಯಿ. ಔಷಧಿ ಹೊಡೆಯಲು ಮನಸ್ಸಿಲ್ಲದವರು, ಅಕ್ಟೋಬರ್ ನಡುವಿನಲ್ಲೇ ಬಿತ್ತಲು ಸಾಧ್ಯವಿರುವವರು ಇದನ್ನು ಆರಿಸಬಹುದು. ಅದೇ ಸಂಸ್ಥೆಯ ಅರ್ಕಾ ಚೈತ್ರ, ಅರ್ಕಾ ತಪಸ್, ಅರ್ಕಾ ಉತ್ತಮ್ ತಳಿಗಳನ್ನು 35 ಡಿಗ್ರಿವರೆಗಿನ ಶಾಖ ತಾಳುವಂತೆ ರೂಪಿಸಲಾಗಿದೆ. ಬಿತ್ತನೆ ತಡವಾದ ಹೊಲಕ್ಕೆ ಇವೇ ಆಸರೆ. ಸಿಪ್ಪೆಸಹಿತ ತಿನ್ನುವ ಅರ್ಕಾ ಸಂಪೂರ್ಣ ಹಿತ್ತಲಿಗೆ ಒಪ್ಪುತ್ತದೆ; ಇಲ್ಲಿನ ಸಂತೆಯಲ್ಲಿ ಗಿರಾಕಿಗಳು ಕಾಳು ಸುಲಿಯುವ ಕಾಯಿಯನ್ನೇ ಕೇಳುವುದರಿಂದ ಎಕರೆಗಟ್ಟಲೆ ಹಾಕುವುದು ಬೇಡ. ಖಾಸಗಿ ಕಂಪನಿಗಳ ಬೀಜದಲ್ಲಿ ಜಿಎಸ್-10 ಹೆಸರಾದದ್ದು. ಕಾಯಿ ಉದ್ದ, ಕಾಳು ಸಿಹಿ. ಆದರೆ ಅದರ ಅವಧಿ ಆರ್ಕೆಲ್‌ಗಿಂತ ಹೆಚ್ಚು, ಬೀಜದ ಬೆಲೆಯೂ ಹೆಚ್ಚು.

ಮಣ್ಣಿನ ವಿಚಾರದಲ್ಲಿ ನಾಲ್ಕು ತಾಲೂಕುಗಳನ್ನು ಒಂದೇ ಅಳತೆಯಲ್ಲಿ ತೂಗಲಾಗದು. ನೀರು ಬಸಿದುಹೋಗುವ ಮಸಾರಿ, ಮಧ್ಯಮ ಆಳದ ಎರೆ ವಟಾಣಿಗೆ ಒಳ್ಳೆಯವು. ಕಾಲುವೆ ಮತ್ತು ಏತ ನೀರಾವರಿಯ ಕೆಳಗೆ ವರ್ಷಗಟ್ಟಲೆ ಕಬ್ಬನ್ನೇ ಬೆಳೆದು ಸವಳು–ಜವಳು ಹತ್ತಿದ ಹೊಲಗಳು ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿ ಭಾಗದಲ್ಲಿವೆ. ಗೋದಿ, ಹತ್ತಿ ತಾಳುವಷ್ಟು ಉಪ್ಪನ್ನು ವಟಾಣಿ ತಾಳದು. ಮೇಲ್ಮಣ್ಣಿನಲ್ಲಿ ಬಿಳಿ ಪದರ ಕಾಣುವ ಹೊಲದಲ್ಲಿ ಯಾವ ತಳಿ ಹಾಕಿದರೂ ಬೀಜದ ರೊಕ್ಕ ಹಾಳು. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ತೆರೆಯುವ ಭೂಮಿ ಫಲವತ್ತಾದದ್ದು ನಿಜ. ಆದರೆ ಜನವರಿಯ ನಂತರ ತೆರೆಯುವ ನೆಲದಲ್ಲಿ ವಟಾಣಿಯ ಕಾಲ ಮುಗಿದಿರುತ್ತದೆ. ಅಲ್ಲಿನ ಬಾವಿ, ಬೋರ್‌ವೆಲ್ ಇರುವ ಮೇಲ್ದಂಡೆಯ ಮಸಾರಿಯೇ ಈ ಬೆಳೆಗೆ ತಕ್ಕದ್ದು.

ಈ ಭಾಗದಲ್ಲಿ ಸೆಪ್ಟೆಂಬರ್ ಮಳೆ ಜೋರು. ಹೆಸರು ಅಥವಾ ಗೋವಿನಜೋಳ ಕಿತ್ತ ಹೊಲವನ್ನು ಆ ಹಸಿಯಲ್ಲೇ ಹರಗಿ, ತಿಪ್ಪೆಗೊಬ್ಬರ ಸೇರಿಸಿ, ಹದ ಬಂದಾಗ ಬಿತ್ತುವುದು ಲೇಸು. ಒಣಮಣ್ಣಿನಲ್ಲಿ ಬಿತ್ತಿ ಮೇಲೆ ನೀರು ಹರಿಸಿದರೆ ಎರೆಮಣ್ಣು ಮೇಲೆ ಹೆಪ್ಪುಗಟ್ಟುತ್ತದೆ, ಒಳಗೆ ಬೀಜ ಕೊಳೆಯುತ್ತದೆ. ಗಿಡ್ಡ ತಳಿಗೆ ಸಾಲಿನಿಂದ ಸಾಲಿಗೆ ಒಂದಡಿ, ಬೀಜದಿಂದ ಬೀಜಕ್ಕೆ ನಾಲ್ಕು ಬೆರಳು, ಆಳ 3–5 ಸೆಂಟಿಮೀಟರ್. ಎಕರೆಗೆ 30–40 ಕಿಲೊ ಬೀಜ ಬೇಕು. ಈ ಬೆಳೆಯ ದೊಡ್ಡ ಖರ್ಚು ಇದೇ.

ಬೀಜೋಪಚಾರದಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಕಡಲೆ, ತೊಗರಿ, ಹೆಸರು ಬೆಳೆದ ಹೊಲದಲ್ಲಿ ಬೇರುಗಂಟಿನ ಜೀವಾಣು ಹೇಗೂ ಇರುತ್ತದಲ್ಲ ಎಂದುಕೊಳ್ಳುವುದು ಸಹಜ. ಆದರೆ ಕಡಲೆಯ ಜೀವಾಣು ಬೇರೆ, ಹೆಸರು–ತೊಗರಿಯದು ಬೇರೆ, ವಟಾಣಿಯದು ಬೇರೆ. ವಟಾಣಿಯ ರೈಜೋಬಿಯಂ ಮಸೂರಿಗೆ ಹೊಂದುತ್ತದೆ, ಕಡಲೆಗೆ ಹೊಂದದು. ಮೊದಲ ಸಲ ವಟಾಣಿ ಹಾಕುವ ಹೊಲಕ್ಕೆ ಪೊಟ್ಟಣದ ಮೇಲೆ ಬಟಾಣಿ ಎಂದೇ ಬರೆದಿರುವ ರೈಜೋಬಿಯಂ ತಂದು, ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಗಂಟು ಕಟ್ಟಿದ ಮೇಲೆ ಯೂರಿಯಾ ಬೇಕಿಲ್ಲ; ಕೊಟ್ಟರೆ ಎಲೆ ಸೊಕ್ಕುತ್ತದೆ, ಹೂವು ತಡವಾಗುತ್ತದೆ. ಬುಡಕ್ಕೆ ರಂಜಕ ಸಾಕಷ್ಟು ಇರಲಿ.

ಕಬ್ಬಿನೊಂದಿಗೆ ವಟಾಣಿಯನ್ನು ಹೊಂದಿಸುವುದು ಈ ಸೀಮೆಗೆ ಹೇಳಿ ಮಾಡಿಸಿದ ಉಪಾಯ. ಅಕ್ಟೋಬರ್–ನವೆಂಬರ್‌ನಲ್ಲಿ ನಾಟಿ ಮಾಡಿದ ಕಬ್ಬು ಮೊದಲ ಮೂರು ತಿಂಗಳು ನಿಧಾನವಾಗಿ ಏಳುತ್ತದೆ. ನಾಲ್ಕು–ಐದು ಅಡಿ ಅಂತರದ ಸಾಲುಗಳ ನಡುವೆ ಆರ್ಕೆಲ್‌ನ ಎರಡು ಸಾಲು ಹಾಕಿದರೆ ಕಬ್ಬು ನೆರಳು ಮಾಡುವ ಮೊದಲೇ ಕಾಯಿ ಮುಗಿಯುತ್ತದೆ; ಬಳ್ಳಿಯನ್ನು ಅಲ್ಲೇ ಮಣ್ಣಿಗೆ ಸೇರಿಸಬಹುದು. ಕುಳೆ ಕಬ್ಬಿನಲ್ಲಿ ಇದು ನಡೆಯದು. ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು: ಕಬ್ಬು, ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಕಳೆನಾಶಕ ವಟಾಣಿಯನ್ನು ಸುಡುತ್ತದೆ. ಕ್ಷಾರ ಗುಣದ ಎರೆಮಣ್ಣಿನಲ್ಲಿ ಅದರ ಅಂಶ ಹೆಚ್ಚು ದಿನ ಉಳಿಯುವುದರಿಂದ, ಮುಂಗಾರಿಯಲ್ಲಿ ಅದನ್ನು ಹೊಡೆದ ಗೋವಿನಜೋಳದ ಹೊಲವನ್ನು ಬಿಟ್ಟುಬಿಡುವುದೇ ಜಾಣತನ. ಕಬ್ಬಿನ ಸಾಲಿನಲ್ಲಿ ವಟಾಣಿ ಇದ್ದಷ್ಟು ದಿನ ಕಳೆಗೆ ಕುರುಪಿಯೇ ಗತಿ.

ನೀರನ್ನು ಹೂವಾಡುವಾಗ ಮತ್ತು ಕಾಳು ತುಂಬುವಾಗ ತಪ್ಪಿಸಬಾರದು. ಉಳಿದ ದಿನಗಳಲ್ಲಿ ಕೈ ಬಿಗಿಹಿಡಿಯಬೇಕು. ನೀರು ನಿಂತ ಮಡಿಯಲ್ಲಿ ಬೇರು ಕೊಳೆತು ಗಿಡ ಹಳದಿಯಾಗುತ್ತದೆ. ಹನಿ ನೀರಾವರಿ ಇರುವವರಿಗೆ ಈ ಚಿಂತೆ ಕಡಿಮೆ.

ರೋಗಗಳಲ್ಲಿ ಬೂದಿ ರೋಗವೇ ಮುಖ್ಯ. ಹಗಲು ಬೆಚ್ಚಗಿನ ಒಣಹವೆ, ರಾತ್ರಿ ತಂಪು ಮತ್ತು ಇಬ್ಬನಿ, ಅಂದರೆ ಇಲ್ಲಿನ ಜನವರಿ, ಅದಕ್ಕೆ ಹಬ್ಬ. ಜಮಖಂಡಿ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಗಂಧಕದ ಬಳಕೆ ಹೊಸದಲ್ಲ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2–3 ಗ್ರಾಂ ಬೆರೆಸಿ ಬಿಸಿಲೇರುವ ಮೊದಲು ಸಿಂಪಡಿಸಿದರೆ ಸಾಕು. ದ್ರಾಕ್ಷಿಯ ಬೂದಿ ವಟಾಣಿಗೆ ಹರಡದು, ಎರಡರ ಶಿಲೀಂಧ್ರ ಬೇರೆ. ಆದರೆ ಕಡಲೆ, ತೊಗರಿಯ ಕಾಯಿಕೊರಕ ಹುಳು ವಟಾಣಿಗೂ ಬರುತ್ತದೆ. ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳು ನೋಡಲು ಅಂಜಿಕೆ ಹುಟ್ಟಿಸಿದರೂ ಕೆಳಗಿನ ಎಲೆಗಳಲ್ಲಷ್ಟೇ ಇದ್ದರೆ ಇಳುವರಿಗೆ ಹೆಚ್ಚು ಹಾನಿಯಿಲ್ಲ.

ಕಾಯಿಯನ್ನು ಬೆಳಗಿನ ತಂಪಿನಲ್ಲಿ, ಕಾಳು ತುಂಬಿದ್ದು ಸಿಪ್ಪೆ ಇನ್ನೂ ಹೊಳೆಯುತ್ತಿರುವಾಗ ಬಿಡಿಸಬೇಕು. ವಾರ–ಹತ್ತು ದಿನಕ್ಕೊಮ್ಮೆಯಂತೆ ಎರಡು–ಮೂರು ಸಲ ಸಿಗುತ್ತದೆ. ಕಿತ್ತ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುವುದರಿಂದ ದೂರದಿಂದ ಲಾರಿಯಲ್ಲಿ ಬಂದ ಕಾಯಿ ಹತ್ತಿರದ ಕಾಯಿಯ ರುಚಿಗೆ ಸಮನಲ್ಲ. ಉತ್ತರ ಭಾರತ ಮತ್ತು ಮಧ್ಯಪ್ರದೇಶದ ಬೆಳೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪೇಟೆಗೆ ಬಂದು ಧಾರಣೆ ಇಳಿಸುತ್ತದೆ. ಈ ಸೀಮೆಯ ರೈತನ ಬಲವೆಂದರೆ ಬೇಗ ಬರುವ ಮೊದಲ ಕಾಯಿ ಮತ್ತು ಭೋಗಿಯ ಹಿಂದಿನ ವಾರ. ಸಜ್ಜೆ ರೊಟ್ಟಿಯ ಜೊತೆಗೆ ಅವರೆ, ಗಜ್ಜರಿ, ಹಸಿಗಡಲೆ, ವಟಾಣಿ ಕೂಡಿಸಿ ಮಾಡುವ ಪಲ್ಯಕ್ಕೆ ಆಗ ಮನೆಮನೆಯಲ್ಲೂ ಬೇಡಿಕೆ.

ವಟಾಣಿಯ ಹೂವು ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆಯುತ್ತದೆ. ಹೀಗಾಗಿ ಆರ್ಕೆಲ್, ಅರ್ಕಾ ಅಜಿತ್‌ನಂಥ ತಳಿಗಳ ಬೀಜವನ್ನು ರೈತ ತಾನೇ ಉಳಿಸಿಕೊಳ್ಳಬಹುದು. ಹೊಲದ ಒಂದು ಮೂಲೆಯ ಆರೋಗ್ಯವಂತ ಗಿಡಗಳ ಕಾಯಿ ಬಿಡಿಸದೆ ಒಣಗಲು ಬಿಟ್ಟು, ಕಾಳನ್ನು ಚೆನ್ನಾಗಿ ಒಣಗಿಸಿ ಬೇವಿನ ಎಲೆಯೊಂದಿಗೆ ಇಟ್ಟರೆ ಮುಂದಿನ ಅಕ್ಟೋಬರಿಗೆ ಬೀಜ ಸಿದ್ಧ. ಹೊಸದಾಗಿ ಆರಂಭಿಸುವವರು ಮೊದಲ ವರ್ಷ ಹತ್ತು ಗುಂಟೆಗೆ ಮಿತಿಗೊಳಿಸಿ, ಆರ್ಕೆಲ್ ಜೊತೆ ಶಾಖ ತಾಳುವ ಒಂದು ತಳಿಯನ್ನು ಪಕ್ಕದಲ್ಲೇ ಹಾಕಿ, ತಮ್ಮ ಮಣ್ಣಿಗೆ ಯಾವುದು ಒಗ್ಗಿತೆಂದು ಕಂಡುಕೊಂಡು ಮುಂದುವರಿಯಲಿ. ಸಂಶಯ ಬಂದರೆ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಹೋಗಿ ಕೇಳಲಿ.