ಸದಾರಮೆಯ ಮೂರು ಕಂಠ

ಕೃಷ್ಣಮೂರ್ತಿಪುರಂನ ನಮ್ಮ ಹಳೆಯ ಮನೆಯನ್ನು ಮಾರುವುದೆಂದು ತೀರ್ಮಾನವಾದಾಗ ಅಟ್ಟದ ಸಾಮಾನು ಇಳಿಸುವ ಕೆಲಸ ನನ್ನ ಮತ್ತು ಅತ್ತಿಗೆಯ ಪಾಲಿಗೆ ಬಂತು. ಹಿತ್ತಾಳೆಯ ಕೊಳದಪ್ಪಲೆ, ಕಾಲು ಮುರಿದ ತೊಟ್ಟಿಲು, ಪಟ್ಟದ ಗೊಂಬೆಗಳ ಪೆಟ್ಟಿಗೆ, ಇವೆಲ್ಲದರ ಕೆಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಒಂದು ಗ್ರಾಮಫೋನ್ ಪ್ಲೇಟು ಸಿಕ್ಕಿತು. ಲೇಬಲ್ಲಿನ ಅಕ್ಷರಗಳು ಅಳಿಸಿ ಬರೀ ಕೆಂಪು ಬಣ್ಣ ಉಳಿದಿತ್ತು. ಅತ್ತಿಗೆ ಅದನ್ನು ತಟ್ಟೆಯ ಹಾಗೆ ತಿರುಗಿಸಿ ನೋಡಿ, "ಇದೂ ಗುಜರಿಗೇನಾ?" ಎಂದರು. ನಾನು ಕಿತ್ತುಕೊಂಡೆ. ಅದು ನಮ್ಮಜ್ಜಿಯ 'ಸದಾರಮೆ ಪ್ಲೇಟು'.

ಈಗಿನ ಹುಡುಗಿಯರಿಗೆ ಸದಾರಮೆ ಯಾರು ಎಂದು ಹೇಳಬೇಕಾಗುತ್ತದೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ನಾಟಕ, ಗುಬ್ಬಿ ಕಂಪನಿಯವರು ಊರೂರು ಸುತ್ತಿ ಆಡಿದ ನಾಟಕ. ಸದಾರಮೆ ವರ್ತಕನ ಮಗಳು. ರಾಜಕುಮಾರ ಅವಳನ್ನು ಕಂಡು ಮರುಳಾಗುತ್ತಾನೆ, ಹುಡುಗಿಯ ತಂದೆ ರಾಜ್ಯವನ್ನೇ ಕೇಳುತ್ತಾನೆ, ಇವನು ಕೊಟ್ಟೂಬಿಡುತ್ತಾನೆ. ಆಮೇಲೆ ಬಡತನ, ಗಂಡ ಹೆಂಡಿರ ಅಗಲಿಕೆ, ಅವಳ ಮೇಲೆ ಕಣ್ಣು ಹಾಕುವ ದೊರೆ, ಹೊತ್ತೊಯ್ಯುವ ಕಳ್ಳ. ಎಲ್ಲರಿಂದಲೂ ತಪ್ಪಿಸಿಕೊಳ್ಳಲು ಸದಾರಮೆ ಗಂಡುವೇಷ ಹಾಕುತ್ತಾಳೆ. ಕಳ್ಳನ ಪಾತ್ರ ಸ್ವತಃ ಗುಬ್ಬಿ ವೀರಣ್ಣನವರದು. ಜನ ಮುಗಿಬೀಳುತ್ತಿದ್ದುದು ಆ ಕಳ್ಳನಿಗಾಗಿ. "ನಾಟಕಕ್ಕೆ ಕಳ್ಳ ಅಂತ ಹೆಸರಿಟ್ಟಿಲ್ಲವಲ್ಲ, ಸದಾರಮೆ ಅಂತ ತಾನೆ ಇಟ್ಟಿರೋದು" ಎಂದು ಅಜ್ಜಿ ಮಾತ್ರ ಸಿಡುಕುತ್ತಿದ್ದಳು.

ಅಜ್ಜಿ ಆ ನಾಟಕವನ್ನು ನೋಡಿಯೇ ಇರಲಿಲ್ಲ. ನೋಡಿದವರು ತಾತ. ದಸರಾ ಕಾಲದಲ್ಲಿ ಕಂಪನಿ ಬಂದಾಗ ನಾಲ್ಕು ಸಲ ಹೋಗಿದ್ದರಂತೆ. ಕಂಪನಿಯವರು ಹೆಂಗಸರಿಗೆ ಬೇರೆ ಜಾಗ ಬಿಟ್ಟಿರುತ್ತಿದ್ದರು, ಅಲ್ಲಿ ಕೂಸು ಕಂಕುಳಲ್ಲಿಟ್ಟುಕೊಂಡು ಬೆಳಗಿನ ಜಾವದವರೆಗೂ ಕೂತವರು ಬೇಕಾದಷ್ಟು ಮಂದಿ. ನಮ್ಮ ಮನೆಯಲ್ಲಿ ಮಾತ್ರ ಮುತ್ತಜ್ಜಿ ಒಪ್ಪಲಿಲ್ಲ. ತಾತ ನಾಲ್ಕನೆಯ ಸಲ ನೋಡಿ ಬಂದ ವಾರ ಈ ಪ್ಲೇಟು ಮನೆಗೆ ಬಂತು. ಅದನ್ನು ಪ್ರೀತಿ ಎನ್ನಬೇಕೋ ತಪ್ಪುಕಾಣಿಕೆ ಎನ್ನಬೇಕೋ ನಾನು ಇನ್ನೂ ತೀರ್ಮಾನಿಸಿಲ್ಲ. ಇಡೀ ರಾತ್ರಿಯ ನಾಟಕಕ್ಕೆ ಬದಲಾಗಿ ಅಜ್ಜಿಗೆ ಸಿಕ್ಕಿದ್ದು ಒಂದು ಮಗ್ಗುಲಿಗೆ ಮೂರು ನಿಮಿಷದಂತೆ ಆರು ನಿಮಿಷ.

ಅಷ್ಟರಲ್ಲೇ ಅವಳು ಹಾಡು ಕಲಿತಳು. ನಾವು ಮೊಮ್ಮಕ್ಕಳು ಹುಟ್ಟುವ ಹೊತ್ತಿಗೆ ಪ್ಲೇಟು ಸವೆದಿತ್ತು, ಆದರೂ ಮಧ್ಯಾಹ್ನ ಊಟದ ಎಲೆ ಎತ್ತಿದ ಮೇಲೆ ಪೆಟ್ಟಿಗೆಗೆ ಕೀ ಕೊಟ್ಟು ಮುಳ್ಳು ಇಳಿಸುವ ಪದ್ಧತಿ ನಿಂತಿರಲಿಲ್ಲ. ನಮಗೆ ಹಾಡಿಗಿಂತ ಅದರ ಕೊನೆಯೇ ಇಷ್ಟ. ಕೀ ಸಡಿಲವಾಗುತ್ತಾ ಬಂದಂತೆ ಸದಾರಮೆಯ ಧ್ವನಿ ಇಳಿಯುತ್ತಿತ್ತು. ಮೊದಲು ಅವಳಿಗೆ ನೆಗಡಿಯಾಯಿತು ಎನ್ನಿಸುತ್ತಿತ್ತು, ಆಮೇಲೆ ಅತ್ತೆಯ ಧ್ವನಿ, ಕೊನೆಗೆ ಗಂಡಸಿನ ಗೊಗ್ಗರು. "ಸದಾರಮೆ ಗಂಡುವೇಷ ಹಾಕ್ಕೊಂಡ್ಲು!" ಎಂದು ನಾವು ಕುಣಿಯುತ್ತಿದ್ದೆವು. ಅಜ್ಜಿ ಬೈದುಕೊಂಡು ಮತ್ತೆ ಕೀ ಕೊಡುತ್ತಿದ್ದಳು, ಗಂಡಸು ಮತ್ತೆ ಹೆಣ್ಣಾಗುತ್ತಿದ್ದ.

ಆ ಆಟದೊಳಗೆ ಒಂದು ನಿಜವಾದ ಪ್ರಶ್ನೆ ಇತ್ತೆಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಪರಿಚಯದ ಹಾರ್ಮೋನಿಯಂ ಮೇಷ್ಟ್ರೊಬ್ಬರು ಮನೆಗೆ ಬಂದಾಗ ಪ್ಲೇಟು ಕೇಳಿ, "ಹಾಡಿರೋದು ಹೆಂಗಸೇ ಅಂತ ಹೇಗೆ ಹೇಳ್ತೀರಿ? ಸ್ತ್ರೀಪಾರ್ಟಿನ ಹುಡುಗ ಯಾಕಾಗಿರಬಾರದು?" ಎಂದುಬಿಟ್ಟರು. ಅಜ್ಜಿ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತಳು.

ಮೇಷ್ಟ್ರ ಸಂಶಯಕ್ಕೆ ಆಧಾರವಿತ್ತು. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ 1882ರಲ್ಲಿ ಅರಮನೆಯ ನಾಟಕ ಕಂಪನಿ ಹುಟ್ಟಿದಾಗ ಬಸಪ್ಪ ಶಾಸ್ತ್ರಿಗಳ ಶಾಕುಂತಲದಲ್ಲಿ ಶಕುಂತಲೆಯೂ ಗಂಡಸೇ. ಆಗಿನ ವೃತ್ತಿ ಕಂಪನಿಗಳ ವಾಡಿಕೆಯೇ ಅದು. ಮರಾಠಿಯ ಬಾಲಗಂಧರ್ವರು (1888-1967) ಹೆಣ್ಣಿನ ಪಾತ್ರಗಳಲ್ಲಿ ಹಾಡಿದ ಪ್ಲೇಟುಗಳನ್ನು ಇವತ್ತಿಗೂ ಜನ ಜೋಪಾನ ಮಾಡುತ್ತಾರೆ. ಮೈಕು ಇಲ್ಲದ ಕಾಲ, ಹಿಂದಿನ ಬೆಂಚಿನವನಿಗೂ ಕೇಳಬೇಕು, ಆದ್ದರಿಂದ ಗಂಡುಪಾತ್ರದವರೂ ಶ್ರುತಿ ಏರಿಸಿಯೇ ಹಾಡಬೇಕು. ತಮಿಳು ರಂಗಭೂಮಿಯ ಕಿಟ್ಟಪ್ಪನವರು 1933ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಅವರ ಪ್ಲೇಟು ಕೇಳಿದರೆ ಹೆಂಗಸರೂ ಉಸಿರು ಬಿಗಿಹಿಡಿಯಬೇಕು, ಅಷ್ಟು ಎತ್ತರ. ಗುಬ್ಬಿ ಕಂಪನಿಯಲ್ಲಿ ಜಿ. ಸುಂದರಮ್ಮ, ಬಿ. ಜಯಮ್ಮ ಇವರೆಲ್ಲ ಹೆಣ್ಣಿನ ಪಾತ್ರಗಳನ್ನು ವಹಿಸಿಕೊಂಡ ಮೇಲೆ ಲೋಕ ಬದಲಾಯಿತು ನಿಜ. ಆದರೆ ನಮ್ಮ ಪ್ಲೇಟು ಯಾರದು? ಲೇಬಲ್ಲೇ ಇಲ್ಲ.

ಗಂಡಸು ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ ಬರುವ ಆ ದೃಶ್ಯವನ್ನು ಆಗಿನ ಪ್ರೇಕ್ಷಕರು ಹೇಗೆ ನೋಡಿದರೋ ಎಂದು ನಾನು ಯೋಚಿಸುತ್ತಿದ್ದರೆ, ಅಜ್ಜಿಯ ಚಿಂತೆ ಬೇರೆ. "ಹಾಗಾದ್ರೆ ಇಷ್ಟು ವರ್ಷ ನಾನು ಗಂಡಸಿನ ಜೊತೆ ಹಾಡ್ತಿದ್ನೇನೆ? ನಿಮ್ಮ ತಾತಂಗೆ ಗೊತ್ತಿತ್ತೋ ಏನೋ, ಹೇಳಲೇ ಇಲ್ಲ ನೋಡು" ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆ ಸಂಜೆಯೆಲ್ಲ ಒಬ್ಬಳೇ ನಗುತ್ತಿದ್ದಳು.

ಎರಡನೆಯ ಸದಾರಮೆ ಮನೆಗೆ ಬಂದದ್ದು 1990ರ ದಶಕದಲ್ಲಿ, ಕ್ಯಾಸೆಟ್ಟಿನ ರೂಪದಲ್ಲಿ. ರಂಗಗೀತೆಗಳಿಗೆ ಆಗ ಹೊಸದಾಗಿ ಮಾನ ಬಂದಿತ್ತು. ಅದಕ್ಕೆ ಬಿ.ವಿ. ಕಾರಂತರಿಗೆ ಕೃತಜ್ಞರಾಗಿರಬೇಕು. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ್ದವರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಲು ಬಂದರು. ಕಂಪನಿಯ ಹಾರ್ಮೋನಿಯಂ ಅವರ ಕಿವಿಯಲ್ಲಿ ಕೂತು ನಮ್ಮ ಕಲಾಮಂದಿರದ ಆವರಣದವರೆಗೂ ಬಂತು ಎನ್ನಬಹುದು. ಅತ್ತ ಬೆಂಗಳೂರಿನಲ್ಲಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಮ್ಮ 'ಸ್ಪಂದನ' ತಂಡದಿಂದ ಸದಾರಮೆಯನ್ನೇ ಮತ್ತೆ ರಂಗಕ್ಕೆ ಏರಿಸಿದರು.

ನಾನು ಕೊಂಡ ಕ್ಯಾಸೆಟ್ಟು ಮಾತ್ರ ನನಗೆ ರುಚಿಸಲಿಲ್ಲ. ಹಾಡಿದ ಹುಡುಗಿಯ ಕಂಠದಲ್ಲಿ ತಪ್ಪಿಲ್ಲ, ಶ್ರುತಿಶುದ್ಧ, ಸಾಹಿತ್ಯ ಸ್ಪಷ್ಟ, ಹಿಂದೆ ಪಿಟೀಲು, ಕೊಳಲು, ಕೀಬೋರ್ಡು. ತೊಂದರೆ ಎಂದರೆ ಅವಳಿಗೆ ಯಾವ ಭಯವೂ ಇಲ್ಲ. ಕಾಡಿನಲ್ಲಿ ಒಬ್ಬಳೇ ಸಿಕ್ಕಿಬಿದ್ದವಳು ಮೈಕಿನ ಹತ್ತಿರ ಮುಖವಿಟ್ಟು ಲಾಲಿ ಹೇಳಿದ ಹಾಗೆ ಹಾಡುತ್ತಾಳೆ. ಪ್ಲೇಟಿನ ಸದಾರಮೆ, ಗಂಡೋ ಹೆಣ್ಣೋ, ಮೂರು ನಿಮಿಷ ಮುಗಿಯುವುದರೊಳಗೆ ಹೇಳಬೇಕಾದದ್ದನ್ನೆಲ್ಲ ಹೇಳಿಬಿಡಬೇಕೆಂದು ಕೂಗಿಕೊಳ್ಳುತ್ತಿದ್ದಳು. ಆ ಅವಸರ ಯಂತ್ರದ್ದು, ಪಾತ್ರದ್ದಲ್ಲ ಎಂದು ಈಗ ತಿಳಿದಿದೆ. ರಂಗದ ಮೇಲೆ ಅದೇ ಹಾಡನ್ನು 'ಒನ್ಸ್ ಮೋರ್' ಕೂಗಿಗೆ ಮತ್ತೆ ಮತ್ತೆ ಎಳೆಯುತ್ತಿದ್ದರು. ತಿಳಿದರೂ ಕಿವಿಗೆ ಒಗ್ಗಿದ್ದು ಆ ಅವಸರವೇ.

ಅಮೆರಿಕದಲ್ಲಿ 1943ರಲ್ಲಿ 'ಓಕ್ಲಹೋಮ' ಎಂಬ ಸಂಗೀತ ನಾಟಕದ ಹಾಡುಗಳನ್ನು ರಂಗದ ಮೇಲೆ ಹಾಡುತ್ತಿದ್ದ ಕಲಾವಿದರಿಂದಲೇ ಹಾಡಿಸಿ ಪ್ಲೇಟುಗಳ ಆಲ್ಬಮ್ಮಾಗಿ ಮಾರಿದರು. ಅಲ್ಲಿಂದ ಮುಂದೆ ಮೂಲ ತಂಡದ್ದು ಯಾವುದು, ಎರಡನೆಯ ತಂಡದ್ದು ಯಾವುದು ಎಂದು ಹೋಲಿಸಿ ಜಗಳವಾಡುವುದೇ ಅಲ್ಲಿನವರಿಗೊಂದು ಹವ್ಯಾಸ. ನಮಗೆ ಆ ಭಾಗ್ಯವಿಲ್ಲ. 1935ರಲ್ಲೊಮ್ಮೆ, 1956ರಲ್ಲೊಮ್ಮೆ ಸದಾರಮೆ ಸಿನಿಮಾ ಆಯಿತು. ಆ 1935ನೇ ಇಸವಿಯಲ್ಲೇ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಶುರುಮಾಡಿದ್ದು. ಇಷ್ಟೆಲ್ಲ ಇದ್ದರೂ ನಮ್ಮ ಮನೆಯ ಜಗಳಕ್ಕೆ ಸಿಕ್ಕಿದ್ದು ಹೆಸರಿಲ್ಲದ ಒಂದು ಪ್ಲೇಟು, ಒಂದು ಕ್ಯಾಸೆಟ್ಟು.

ಮತ್ತೆ ಅಜ್ಜಿಯ ಟೇಪು. 1983ರಲ್ಲಿ ಮುಂಬಯಿಯ ಚಿಕ್ಕಪ್ಪ ಟೇಪ್ ರೆಕಾರ್ಡರ್ ತಂದಾಗ ಅಡುಗೆಮನೆಯ ಹೊಸ್ತಿಲಲ್ಲಿ ಕೂರಿಸಿ ಹಾಡಿಸಿದ್ದು. ಅಜ್ಜಿಗೆ ಆಗಲೇ ಎಪ್ಪತ್ತರ ಹತ್ತಿರ, ಮೇಲಿನ ಸ್ವರಗಳಿಗೆ ಉಸಿರು ಸಾಲದು. ವಿಚಿತ್ರವೆಂದರೆ ಅವಳ ಹಾಡಿನಲ್ಲಿ ಪ್ಲೇಟಿನಲ್ಲಿಲ್ಲದ ಒಂದು ಚರಣವಿದೆ. ಕ್ಯಾಸೆಟ್ಟಿನಲ್ಲೂ ಇಲ್ಲ. ನಾಟಕದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ತಾತ ತಂದಿದ್ದರಂತೆ, ಅದರದ್ದಿರಬೇಕು ಎಂದು ನಾನು. ಅದೇ ಮೇಷ್ಟ್ರಿಗೆ ಟೇಪು ಕೇಳಿಸಿದಾಗ ಅವರು ತಲೆ ಕೊಡವಿದರು. "ಈ ಮಟ್ಟು ಈ ನಾಟಕದ್ದಲ್ಲ ತಾಯಿ. ಬೇರೆ ಯಾವುದೋ ನಾಟಕದ್ದು ಬಂದು ಸೇರಿಕೊಂಡಿದೆ. ಕಂಪನಿಗಳಲ್ಲೂ ಹೀಗೇ ನಡೀತಿತ್ತು, ಮಟ್ಟು ಚೆನ್ನಾಗಿದ್ದರೆ ಎಲ್ಲಿಗೆ ಬೇಕಾದರೂ ಹೊಂದಿಸೋರು." ಆ ಚರಣದಲ್ಲಿ ಸದಾರಮೆ ಗಂಡನನ್ನು ಬೇಡುವುದಿಲ್ಲ, ತನ್ನನ್ನು ಬಿಟ್ಟುಹೋದದ್ದಕ್ಕೆ ಕಾರಣ ಕೇಳುತ್ತಾಳೆ. ಬೇರೆ ಯಾವ ನಾಯಕಿಯ ಮಾತೋ, ಅಥವಾ ಕೃಷ್ಣಮೂರ್ತಿಪುರಂನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಕಟ್ಟಿಕೊಂಡದ್ದೋ.

ಅಣ್ಣನ ಮಗ ಈಗ ಮೂರನ್ನೂ ಕಂಪ್ಯೂಟರಿಗೆ ಇಳಿಸಿದ್ದಾನೆ. ಪ್ಲೇಟಿನ ಸರದಿ ಬಂದಾಗ ಅವನು ಕೇಳಿದ: "ಅತ್ತೆ, ಹಳೇ ಪ್ಲೇಟುಗಳ ವೇಗ ಒಂದೇ ಸಮ ಇರ್ತಿರಲಿಲ್ಲವಂತೆ. ಸ್ವಲ್ಪ ಜಾಸ್ತಿ ಇಟ್ಟರೆ ಹೆಂಗಸು, ಸ್ವಲ್ಪ ಕಡಿಮೆ ಇಟ್ಟರೆ ಗಂಡಸು. ಎಲ್ಲಿಗೆ ನಿಲ್ಲಿಸಲಿ?" ಎರಡೂ ಕೇಳಿಸಿದ. ಎರಡೂ ನಿಜವೆನ್ನಿಸುವ ಹಾಗಿದ್ದವು. ಬಗೆಹರಿಸಲು ದಾಖಲೆಯಿಲ್ಲ. "ಕೀ ಪೂರ್ತಿ ಕೊಟ್ಟಾಗ ಹೇಗಿತ್ತೋ ಹಾಗೆ ಇಡಪ್ಪ" ಎಂದೆ. ಅಜ್ಜಿ ಕಲಿತದ್ದು ಆ ಸ್ವರವನ್ನು.

ಅಜ್ಜಿಯ ಟೇಪಿನಲ್ಲಿ ಅವನು ಸದ್ದುಗದ್ದಲ ತೆಗೆಯಲು ಹೊರಟಿದ್ದ, ನಾನು ಬಿಡಲಿಲ್ಲ. ಆ ಹೆಚ್ಚಿನ ಚರಣ ಅರ್ಧಕ್ಕೆ ಬಂದಾಗ ಒಲೆಯ ಕಡೆಯಿಂದ ಸುಂಯ್ ಎಂದು ಕೇಳುತ್ತದೆ. ಹಾಡು ನಿಲ್ಲುತ್ತದೆ. "ಅಯ್ಯೋ, ಹಾಲು ಕಣೇ, ಹಾಲು!" ಆಮೇಲೆ ಬಳೆಯ ಸದ್ದು, ಪಾತ್ರೆ ಇಳಿಸಿದ ಸದ್ದು, ಟೇಪು ಮುಗಿಯುವವರೆಗೂ.