ಎರಿಯ ಬಿಳಿಜೋಳ, ಮಡ್ಡಿಯ ದಾಳಿಂಬೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರ ತಿಕೋಂಡಿ ಇದೆ. ಆಡಳಿತ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ, ಒಕ್ಕಲುತನದ ರೀತಿ ವಿಜಯಪುರ ಸೀಮೆಯದ್ದೇ. ಸಹ್ಯಾದ್ರಿ ಮೋಡಗಳನ್ನು ತಡೆದು ಉಳಿಸಿದ್ದಷ್ಟೇ ಈ ಸೀಮೆಗೆ ದಕ್ಕುವ ಮಳೆ. ವರ್ಷಕ್ಕೆ ಸುಮಾರು 500 ಮಿಲಿಮೀಟರಿನ ಆಸುಪಾಸು, ಅದೂ ಭರವಸೆ ಇಲ್ಲದ್ದು. ಸಸ್ಯ ಹೇಗೆ ಹುಟ್ಟುತ್ತದೆ, ಬೆಳೆಯುತ್ತದೆ, ವಂಶ ಮುಂದುವರಿಸುತ್ತದೆ ಎಂಬುದನ್ನು ಕಲಿಯಲು ಇಂಥ ನೆಲಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೀರು ಸಾಕಷ್ಟು ಇರುವಲ್ಲಿ ಗಿಡದ ಎಷ್ಟೋ ಅಂಗಗಳ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಬೇರು, ಎಲೆ, ಹೂ ಪ್ರತಿಯೊಂದೂ ನೀರಿನ ಲೆಕ್ಕ ಇಟ್ಟೇ ಕೆಲಸ ಮಾಡುತ್ತದೆ. ಆ ಲೆಕ್ಕವನ್ನು ಬಿಳಿಜೋಳದಲ್ಲಿ ಸ್ವಲ್ಪ ವಿವರವಾಗಿ, ದಾಳಿಂಬೆಯಲ್ಲಿ ಬೇರೊಂದು ಬಗೆಯಲ್ಲಿ ನೋಡಬಹುದು.

ಎರಿ ನೆಲ ಮತ್ತು ಹಿಂಗಾರಿ

ದಖನ್ನಿನ ಕಪ್ಪು ಕಲ್ಲು ಸವೆದು ಆದ ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ಹೆಚ್ಚು. ಅದರ ಪದರುಗಳ ನಡುವೆ ನೀರು ಸೇರಿಕೊಂಡು ಮಣ್ಣು ಉಬ್ಬುತ್ತದೆ, ನೀರು ಹೋದಂತೆ ಕುಗ್ಗಿ ಬಿರಿಯುತ್ತದೆ. ಹಿಂಗಾರಿ ಬೆಳೆಗೆ ಎರಿ ನೆಲವೇ ನೀರಿನ ಹಗೇವು: ಉತ್ತರಿ, ಹಸ್ತ ಮಳೆಗಳು ತುಂಬಿಸಿದ ಹಸಿ ನಾಲ್ಕು ತಿಂಗಳು ಗಿಡವನ್ನು ಸಾಕಬೇಕು. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಬಿಳಿಜೋಳ ಕಾಳು ಕಟ್ಟುವ ವರ್ಷಗಳಿವೆ. ಜಗತ್ತಿನ ಹೆಚ್ಚಿನ ಬೆಳೆಗಳು ಮಳೆ ಬೀಳುತ್ತಿರುವಾಗ ಬೆಳೆಯುತ್ತವೆ, ಇದು ಮಳೆ ನಿಂತ ಮೇಲೆ ಬೆಳೆಯುತ್ತದೆ. ಬಿಳಿಜೋಳದ ಸಸ್ಯಶಾಸ್ತ್ರವನ್ನೆಲ್ಲ ಈ ಒಂದು ಸಂಗತಿಯಿಂದಲೇ ಬಿಡಿಸಿಕೊಂಡು ಹೋಗಬಹುದು.

ಮೊಳಕೆ

ಕೂರಿಗೆಯ ತಾಳಿನಿಂದ ಇಳಿದ ಕಾಳು ಹಸಿ ಮಣ್ಣನ್ನು ಮುಟ್ಟಿದೊಡನೆ ನೀರು ಹೀರಿ ಉಬ್ಬುತ್ತದೆ. ಒಳಗಿನ ಕಿಣ್ವಗಳು ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಮೊದಲು ಹೊರಬರುವುದು ಬೇರು, ಆಮೇಲೆ ಸುಳಿ. ಸುಳಿಯ ಮೇಲೆ ಕವಚದಂಥ ಒಂದು ಪೊರೆ ಇರುತ್ತದೆ. ಮಣ್ಣಿನ ಹೆಂಟೆಯನ್ನು ಸೀಳುವುದು ಆ ಪೊರೆ, ಬೆಳಕು ಕಂಡ ಮೇಲೆ ಅದರ ತುದಿ ಬಿರಿದು ಮೊದಲ ಎಲೆ ಹೊರಗೆ ಬರುತ್ತದೆ. ಕಾಳಿಗೂ ಸುಳಿಗೂ ನಡುವಿನ ಒಂದು ತುಂಡು ಕಾಂಡ ಉದ್ದಕ್ಕೆ ಹಿಗ್ಗಬಲ್ಲದು. ಹಸಿ ಹುಡುಕಿಕೊಂಡು ಆಳಕ್ಕೆ ಬಿತ್ತಿದರೂ ಮೊಳಕೆ ಮೇಲೆ ಬರುವುದು ಇದರ ಬಲದಿಂದ.

ಬಿತ್ತನೆ ತಡವಾದರೆ ಸುಳಿ ನೊಣದ ಕಾಟ. ಅದು ಎಲೆಯ ಕೆಳಬದಿಗೆ ಮೊಟ್ಟೆ ಇಡುತ್ತದೆ. ಮರಿಹುಳು ಸುಳಿಯ ಬುಡಕ್ಕೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಹುಲ್ಲಿನ ಜಾತಿಯ ಗಿಡಗಳಲ್ಲಿ ಆ ತುದಿ ಮೊದಲ ಕೆಲವು ವಾರ ನೆಲಮಟ್ಟದಲ್ಲೇ ಅಡಗಿರುತ್ತದೆ. ದನ ಎಲೆ ಮೇಯ್ದರೂ ಗಿಡ ಚಿಗುರುತ್ತದೆ, ಸುಳಿ ಹೋದರೆ ಮಾತ್ರ ಆ ಕಾಂಡದ ಕಥೆ ಮುಗಿಯಿತು.

ಎಳೆ ಜೋಳಕ್ಕೆ ತನ್ನದೇ ರಕ್ಷಣೆಯೂ ಇದೆ. ಧುರ್ರಿನ್ ಎಂಬ ರಾಸಾಯನಿಕ ಅದರ ಎಲೆಯಲ್ಲಿ ತುಂಬಿರುತ್ತದೆ. ಎಲೆ ಅಗಿದಾಗ ಅದರಿಂದ ಸೈನೈಡ್ ಬಿಡುಗಡೆಯಾಗುತ್ತದೆ. ಎಳೆ ಜೋಳಕ್ಕೋ ಬರದಲ್ಲಿ ಕುಂಠಿತವಾದ ಜೋಳಕ್ಕೋ ನುಗ್ಗಿದ ದನ ಸಾಯುವುದು ಇದರಿಂದಲೇ. ಗಿಡ ಬಲಿತಂತೆ ವಿಷ ಇಳಿಯುತ್ತದೆ, ಒಣಗಿದ ಕಣಿಕೆ ದನಕ್ಕೆ ಒಳ್ಳೆಯ ಮೇವು.

ಬೇರಿನ ಎರಡು ಹಂತ

ಕಾಳಿನಿಂದ ಹೊರಟ ಮೊದಲ ಬೇರು ಗಿಡವನ್ನು ಕೆಲವು ವಾರ ಮಾತ್ರ ಸಾಕಬಲ್ಲದು. ಆಮೇಲೆ ಕಾಂಡದ ಬುಡದ ಗೆಣ್ಣುಗಳಿಂದ ಹೊಸ ಬೇರುಗಳು ಹೊರಡಬೇಕು. ಮುಂದೆ ಗಿಡವನ್ನು ನಿಲ್ಲಿಸುವುದು, ನೀರು ಎಳೆಯುವುದು ಅವೇ. ಅವು ಹುಟ್ಟುವುದು ಮೇಲ್ಮಣ್ಣಿನಲ್ಲಿ. ಆ ಹೊತ್ತಿಗೆ ಮೇಲ್ಮಣ್ಣು ಒಣಗಿದ್ದರೆ ಬೇರು ತುದಿ ತೋರಿಸಿ ಅಲ್ಲೇ ಬತ್ತುತ್ತದೆ. ಆಳದಲ್ಲಿ ಹಸಿ ಇದ್ದೂ ಗಿಡ ಸೊರಗುವ ಹೊಲಗಳಲ್ಲಿ ಒಂದು ಗಿಡ ಕಿತ್ತು ಬುಡ ನೋಡಿದರೆ ಈ ಮೊಂಡು ಬೇರುಗಳು ಕಾಣುತ್ತವೆ. ಚಿತ್ತಾ, ಸ್ವಾತಿಯ ಒಂದು ಸಣ್ಣ ಮಳೆಗೆ ಒಕ್ಕಲಿಗ ಅಷ್ಟು ಕಾಯುವುದರ ಸಸ್ಯಶಾಸ್ತ್ರೀಯ ಕಾರಣ ಇಲ್ಲಿದೆ.

ಬೇರೂರಿದ ಜೋಳ ಒಂದೂವರೆ ಮೀಟರಿಗೂ ಕೆಳಗೆ ಇಳಿಯುತ್ತದೆ. ಎಡೆ ಹೊಡೆಯುವುದು ಕಸಕ್ಕಾಗಿ ಮಾತ್ರ ಅಲ್ಲ. ಮೇಲಿನ ಪುಡಿಮಣ್ಣು ಬಿರುಕನ್ನು ಮುಚ್ಚಿ ಆಳದ ಹಸಿ ಆರದಂತೆ ತಡೆಯುತ್ತದೆ, ಬಿರುಕು ಬಿಟ್ಟಾಗ ಬೇರು ಹರಿಯುವುದೂ ತಪ್ಪುತ್ತದೆ.

ಎಲೆಯ ಒಳಗೆ

ಎಲೆಗೆ ಅನ್ನ ಬೇಯಿಸಲು ಇಂಗಾಲದ ಡೈ ಆಕ್ಸೈಡ್ ಬೇಕು. ಅದಕ್ಕಾಗಿ ಪತ್ರರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಕಡಲೆ, ತೊಗರಿ, ಕುಸುಬೆ, ಗೋಧಿಗಳಲ್ಲಿ ಈ ಅನಿಲವನ್ನು ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನೂ ಹಿಡಿಯುತ್ತದೆ, ಸೆಖೆ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಜೋಳದಲ್ಲಿ ಮೊದಲು ಬೇರೊಂದು ಕಿಣ್ವ ಅನಿಲವನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ, ನರಗಳ ಸುತ್ತಲಿನ ದಪ್ಪ ಕೋಶಗಳಿಗೆ ಸಾಗಿಸುತ್ತದೆ. ಅಲ್ಲಿ ಅನಿಲ ಒತ್ತೊತ್ತಾಗಿ ಸೇರುವುದರಿಂದ ತಪ್ಪಿಗೆ ಆಸ್ಪದವಿಲ್ಲ. ರಂಧ್ರವನ್ನು ಕಡಿಮೆ ತೆರೆದರೂ ಕೆಲಸ ನಡೆಯುತ್ತದೆ. ಕಬ್ಬಿನಲ್ಲಿ ಈ ದಾರಿಯನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ವಿವರಿಸಿದರು. ಹೂಬಿಡುವ ಸಸ್ಯ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು ಮೂರು ಮಾತ್ರ ಈ ದಾರಿಯವು. ಜೋಳ, ಸಜ್ಜೆ, ಗೋವಿನಜೋಳ, ಕಬ್ಬು ಅವುಗಳಲ್ಲಿ ಸೇರಿವೆ.

ಇನ್ನೆರಡು ಏರ್ಪಾಡುಗಳು ಬರಿಗಣ್ಣಿಗೇ ಕಾಣುತ್ತವೆ. ಜೋಳದ ದಂಟಿಗೆ ಸುತ್ತಿದ ಎಲೆಯ ಬುಡವನ್ನು ಬೆರಳಿನಿಂದ ಒರೆಸಿದರೆ ಬಿಳಿ ಹುಡಿ ಅಂಟುತ್ತದೆ. ಅದು ಮೇಣ, ಬಿಸಿಲನ್ನು ಹಿಂದಕ್ಕೆ ಕಳಿಸಿ ನೀರನ್ನು ಒಳಗೇ ತಡೆಯುವ ಲೇಪ. ನೀರು ಸಾಲದ ದಿನ ಮಧ್ಯಾಹ್ನಕ್ಕೆ ಎಲೆ ಉದ್ದಕ್ಕೆ ಸುರುಳಿಯಾಗುತ್ತದೆ, ಸಂಜೆಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಲೆಯ ಮೇಲ್ಮೈಯ ಕೆಲವು ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗುವುದರಿಂದ ಹೀಗಾಗುತ್ತದೆ. ಬಿಸಿಲಿಗೆ ಒಡ್ಡಿದ ಎಲೆ ಅಷ್ಟು ಕಡಿಮೆಯಾಯಿತು.

ಹೂ

ಜೋಳಕ್ಕೆ ಹೂ ಇದೆ ಎಂಬುದನ್ನೇ ಅನೇಕರು ಗಮನಿಸುವುದಿಲ್ಲ. ಬಣ್ಣ, ಪರಿಮಳ, ಮಕರಂದ ಯಾವುದೂ ಅದಕ್ಕಿಲ್ಲ. ಗಾಳಿ ಒಯ್ಯುವ ಪರಾಗಕ್ಕೆ ಅವು ಬೇಕೂ ಇಲ್ಲ. ಸೆಪ್ಟೆಂಬರ್ ಕೊನೆಗೆ ಬಿತ್ತಿದ ಜೋಳ ಡಿಸೆಂಬರಿನಲ್ಲಿ ಹೊಡೆ ಒಡೆದು ತೆನೆ ತೋರುತ್ತದೆ. ತೆನೆಯಲ್ಲಿ ಎಷ್ಟು ಕಾಳು ಹಿಡಿಯಬಹುದು ಎಂಬುದು ಮಾತ್ರ ಅದಕ್ಕೂ ಬಹಳ ಮುಂಚೆ, ಗಿಡ ಒಂದು ತಿಂಗಳು ದಾಟಿದ ಹೊತ್ತಿನಲ್ಲಿ, ಕಾಂಡದೊಳಗೆ ಕಣ್ಣಿಗೆ ಕಾಣದ ತೆನೆ ರೂಪುಗೊಳ್ಳುವಾಗಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ.

ತೆನೆ ತುದಿಯಿಂದ ಬುಡದ ಕಡೆಗೆ ಹೂ ಬಿಡುತ್ತ ಬರುತ್ತದೆ. ಇದಕ್ಕೆ ಒಂದು ವಾರದಷ್ಟು ಹಿಡಿಯುತ್ತದೆ. ಹೂ ಅರಳುವುದು ರಾತ್ರಿಯಿಂದ ಬೆಳಗಿನ ಜಾವದವರೆಗೆ. ಹಳದಿ ಕೇಸರಗಳು ಜೋತಾಡುವ ತೆನೆಯನ್ನು ಬೆಳಿಗ್ಗೆ ಬೇಗ ಅಲುಗಿಸಿದರೆ ಪರಾಗ ಹುಡಿಯಾಗಿ ಉದುರುತ್ತದೆ. ಒಂದು ಗೊಂಚಲನ್ನು ಮುರಿದು ಅಂಗೈಯಲ್ಲಿಟ್ಟು ನೋಡಿದರೆ ಹೂಗಳು ಜೋಡಿಯಾಗಿರುವುದು ಕಾಣುತ್ತದೆ. ತೊಟ್ಟಿಲ್ಲದೆ ಅಂಟಿ ಕುಳಿತದ್ದು ದಪ್ಪ, ಅದರಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುತ್ತವೆ, ಕಾಳಾಗುವುದು ಅದೇ. ಪಕ್ಕದಲ್ಲಿ ಸಣ್ಣ ತೊಟ್ಟಿನ ಮೇಲೆ ನಿಂತದ್ದು ಸಪೂರ. ಅದು ಗಂಡು ಇಲ್ಲವೇ ಬಂಜೆ. ಶಾಲೆಗಳಲ್ಲಿ ದಾಸವಾಳ ಬಿಡಿಸಿ ಹೂವಿನ ಭಾಗ ತೋರಿಸುತ್ತಾರೆ, ಒಳ್ಳೆಯದೇ. ಜತ್ತ ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಡಿಸೆಂಬರಿನಲ್ಲಿ ಜೋಳದ ತೆನೆಯನ್ನೂ ಹೀಗೆ ಬಿಡಿಸಿ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರ ತಾಟಿನ ರೊಟ್ಟಿ ಬರುವುದು ಆ ಹೂವಿನಿಂದ.

ಒಂದೇ ಹೂವಿನಲ್ಲಿ ಎರಡೂ ಅಂಗ ಇರುವುದರಿಂದ ಜೋಳದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚು. ನೂರಕ್ಕೆ ಐದರಿಂದ ಹದಿನೈದು ಹೂಗಳಿಗೆ ನೆರೆಗಿಡದ ಪರಾಗ ತಲುಪುತ್ತದೆ. ಈ ಸ್ವಲ್ಪವೇ ಬೆರಕೆ ತಳಿ ಕೆಡದಂತೆಯೂ ಹೊಸತು ಹುಟ್ಟುವಂತೆಯೂ ನೋಡಿಕೊಂಡಿದೆ. ಪರಾಗ ಬದುಕಿರುವುದು ಕೆಲವೇ ಗಂಟೆ. ಹೂ ಬಿಡುವ ರಾತ್ರಿಗಳಲ್ಲಿ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸತ್ವ ಕಳೆದುಕೊಂಡು ತೆನೆ ಜೊಳ್ಳಾಗುತ್ತದೆ.

ಒಂದು ಕಾಳಿಗೆ ಎರಡು ಕೂಡಿಕೆ

ಶಲಾಕೆಯ ತುದಿಗೆ ಬಿದ್ದ ಪರಾಗ ಮೊಳೆತು ನಳಿಕೆಯಾಗಿ ಅಂಡಾಶಯಕ್ಕೆ ಇಳಿಯುತ್ತದೆ. ಅದು ತಂದ ಎರಡು ಗಂಡು ಕಣಗಳಲ್ಲಿ ಒಂದು ಅಂಡದ ಜೊತೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಎರಡು ಧ್ರುವಕೇಂದ್ರಗಳ ಜೊತೆ ಕೂಡಿ ಭ್ರೂಣಪೋಷಕವಾಗುತ್ತದೆ. ಜೋಳದ ವರ್ಣತಂತುಗಳು ಇಪ್ಪತ್ತು: ಮುಂದೆ ಗಿಡವಾಗುವ ಭ್ರೂಣದಲ್ಲಿ 20, ಆಹಾರ ತುಂಬಿದ ಭ್ರೂಣಪೋಷಕದಲ್ಲಿ 30. ನಾವು ರೊಟ್ಟಿ ತಟ್ಟುವ ಹಿಟ್ಟಿನ ಬಹುಪಾಲು ಈ ಎರಡನೆಯ ಕೂಡಿಕೆಯ ಫಲ. ಹೂಬಿಡುವ ಸಸ್ಯಗಳ ಈ ಇಮ್ಮಡಿ ನಿಷೇಚನವನ್ನು ರಷ್ಯಾದ ನವಾಶಿನ್ 1898ರಲ್ಲಿ ಕಂಡುಹಿಡಿದರು. ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ದೊಡ್ಡ ಕೆಲಸ ಮಾಡಿದವರೊಬ್ಬರು ನಮ್ಮ ಬಿ.ಜಿ.ಎಲ್. ಸ್ವಾಮಿ. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮುಂಚಿತವಾಗಿ ಬಿತ್ತಿದ ಹೊಲದಲ್ಲಿ ಕಾಳು ಹಾಲುದುಂಬಿರುತ್ತದೆ. ಮುಂದಿನ ದಿನಗಳು ಸೀತನಿಯ ಕಾಲ. ಕಾಳಿನ ಸಕ್ಕರೆಯೆಲ್ಲ ಇನ್ನೂ ಪಿಷ್ಟವಾಗಿರದ ಕಾರಣ ಸುಟ್ಟ ತೆನೆ ತಿಕ್ಕಿದರೆ ಬರುವ ಕಾಳು ಸಿಹಿ. ಹೂ ಬಿಟ್ಟ ಮೂವತ್ತು ಮೂವತ್ತೈದು ದಿನಕ್ಕೆ ಕಾಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ತಾಯಿಗಿಡದಿಂದ ಆಹಾರ ಬರುವ ದಾರಿ ಮುಚ್ಚಿತು ಎಂಬುದರ ಗುರುತು ಅದು. ಅಲ್ಲಿಂದ ಮುಂದೆ ಕಾಳು ಆರುತ್ತದೆಯೇ ಹೊರತು ತೂಕ ಏರುವುದಿಲ್ಲ.

ನೆಲದ ಹಸಿ ತೀರುತ್ತಿರುವುದೂ ಇದೇ ಹೊತ್ತಿನಲ್ಲಿ. ಎಲೆ ಒಣಗಿದರೆ ಗಿಡ ತನ್ನ ದಂಟಿನಲ್ಲಿಟ್ಟ ಸಕ್ಕರೆಯನ್ನು ಕಾಳಿಗೆ ಕಳಿಸುತ್ತದೆ. ಬರಿದಾದ ದಂಟಿಗೆ ಮಣ್ಣಿನ ಶಿಲೀಂಧ್ರ ನುಗ್ಗಿ ಒಳಭಾಗವನ್ನು ಇದ್ದಿಲಿನ ಹುಡಿಯಂತೆ ಕಪ್ಪಾಗಿಸುತ್ತದೆ, ಗಿಡ ನೆಲಕ್ಕೆ ಒರಗುತ್ತದೆ. ಹೂ ಬಿಟ್ಟ ಮೇಲೂ ಎಲೆ ಹಸಿರಾಗಿ ಉಳಿಸಿಕೊಳ್ಳುವ ತಳಿಗಳು ಈ ಕಾಯಿಲೆಯನ್ನು ತಡೆದುಕೊಳ್ಳುತ್ತವೆ. ತಳಿ ವಿಜ್ಞಾನಿಗಳು ಆ ಗುಣದ ಬೆನ್ನು ಹತ್ತಿರುವುದು ಅದಕ್ಕೇ.

ತಳಿಗಳ ಸಂಪತ್ತು

ಜೋಳ ಹುಟ್ಟಿದ್ದು ಆಫ್ರಿಕದ ಈಶಾನ್ಯ ಭಾಗದಲ್ಲಿ. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು. ವಿಜ್ಞಾನಿಗಳು ಅದರಲ್ಲಿ ಐದು ಮುಖ್ಯ ಕುಲಗಳನ್ನು ಗುರುತಿಸಿದ್ದಾರೆ. ದಖನ್ನಿನ ಹಿಂಗಾರಿ ಜೋಳ ‘ದುರ್ರಾ’ ಕುಲಕ್ಕೆ ಸೇರಿದ್ದು, ಗಿಡ್ಡ ಒತ್ತು ತೆನೆ, ದುಂಡು ಕಾಳು. ಜೋಳದ ಜೀನ್‌ಗಳ ಪೂರ್ಣ ನಕ್ಷೆ 2009ರಲ್ಲಿ ಪ್ರಕಟವಾಯಿತು.

ಈ ಸೀಮೆಯ ದೊಡ್ಡ ಹೆಸರು ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದ ಆರಿಸಿದ ಎಂ 35-1 ಇಷ್ಟು ದಶಕಗಳಾದರೂ ಹೊಲ ಬಿಟ್ಟಿಲ್ಲ. ಜತ್ತಕ್ಕೆ ಹೊಂದಿಕೊಂಡ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಳೆಗಾಲದಲ್ಲಿ ಕಾಳಾಗುವ ಜೋಳಕ್ಕೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. ಒಣ ಹವೆಯಲ್ಲಿ ಮಾಗುವ ಹಿಂಗಾರಿ ಕಾಳು ಮುತ್ತಿನ ಹೊಳಪು ಉಳಿಸಿಕೊಳ್ಳುತ್ತದೆ. ರೊಟ್ಟಿಗೆ ಮಾಲದಂಡಿಯಾದರೆ ಸೀತನಿಗೆ ಸಕ್ಕರಿ ಮುಕ್ಕರಿಯಂಥ ಬೇರೆ ತಳಿ, ನಾಗರಪಂಚಮಿಯ ಅಳ್ಳಿಗೆ ಒಳಗೆ ಗಟ್ಟಿ ಪಿಷ್ಟವಿರುವ ಇನ್ನೊಂದು. ಅವುಗಳ ಬಳಕೆ ಕಡಿಮೆಯಾದಂತೆ ಬೀಜವೂ ಕಾಣೆಯಾಗುತ್ತದೆ. ಇದು ನನಗೆ ಬಹಳ ಕಳವಳದ ಸಂಗತಿ. ಕಾಣೆಯಾದ ತಳಿಯ ಗುಣವನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಹುಟ್ಟಿಸಲಾಗದು.

ಬದುವಿನ ಮೇಲೆ

ಹೊಲದ ಬದುವಿನ ಗಿಡಗಳೂ ಈ ಒಣ ನೆಲದಲ್ಲಿ ತಮ್ಮದೇ ದಾರಿ ಕಂಡುಕೊಂಡಿವೆ. ಜಾಲಿಯ ಬೀಜಕ್ಕೆ ನೀರೂ ಇಳಿಯದಷ್ಟು ಗಟ್ಟಿ ಸಿಪ್ಪೆ. ಆಡು ಕುರಿಗಳು ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲೋ ಮೆಲುಕಿನಲ್ಲೋ ದೂರ ಹೊರಹಾಕುತ್ತವೆ. ಎಕ್ಕೆಯ ಹೂವಿನಲ್ಲಿ ಪರಾಗ ಹುಡಿಯಾಗಿರದೆ ಸಣ್ಣ ಚೀಲಗಳಲ್ಲಿರುತ್ತದೆ. ದೊಡ್ಡ ಕಪ್ಪು ದುಂಬಿಯ ಕಾಲಿಗೆ ಸಿಕ್ಕಿಕೊಂಡು ಅದು ಮತ್ತೊಂದು ಹೂವಿಗೆ ಹೋಗುತ್ತದೆ. ನೀರು ಉಳಿಸಲು ಪಾಪಾಸುಕಳ್ಳಿ ರಂಧ್ರ ತೆರೆಯುವುದೇ ರಾತ್ರಿ.

ದಾಳಿಂಬೆಗೆ ಕಟ್ಟಿಕೊಟ್ಟ ಬರ

ಎರಿ ಇಲ್ಲದ ಗರಸು ಮಡ್ಡಿಯಲ್ಲಿ ಜೋಳ ಬಾರದು. ಜತ್ತದಲ್ಲಿ ಅಂಥ ನೆಲವನ್ನು ದಾಳಿಂಬೆ ಹಿಡಿದಿದೆ. ಬಿಟ್ಟರೆ ಈ ಗಿಡ ವರ್ಷದಲ್ಲಿ ಹಲವು ಸಲ ಚೂರುಚೂರು ಹೂ ಬಿಡುತ್ತದೆ. ಒಂದೇ ಸಲ ತುಂಬ ಹೂ ಬೇಕಾದರೆ ನೀರು ನಿಲ್ಲಿಸಬೇಕು. ಒಂದೆರಡು ತಿಂಗಳು ಹನಿ ನೀರಾವರಿ ಬಂದ್ ಮಾಡಿದರೆ ಎಲೆ ಹಳದಿಯಾಗುತ್ತದೆ, ಚಿಗುರು ನಿಲ್ಲುತ್ತದೆ, ಆಹಾರ ಟೊಂಗೆಯಲ್ಲಿ ಶೇಖರವಾಗುತ್ತದೆ. ಆಮೇಲೆ ಎಲೆ ಉದುರಿಸಿ, ಚಾಟಣಿ ಮಾಡಿ (ಟೊಂಗೆ ಸವರಿ), ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡ ಹೂವಾಗಿ ಒಡೆಯುತ್ತದೆ. ಜನವರಿ ಫೆಬ್ರುವರಿಯ ಅಂಬೆ ಬಹಾರ, ಜೂನ್ ಜುಲೈನ ಮೃಗ ಬಹಾರ, ಸೆಪ್ಟೆಂಬರ್ ಅಕ್ಟೋಬರಿನ ಹಸ್ತ ಬಹಾರ ಎಂದು ಮೂರು ಹಂಗಾಮು.

ಹೂಗಳೆಲ್ಲ ಹಣ್ಣಾಗವು. ಬುಡ ದಪ್ಪಗೆ ಹೂಜಿಯ ಆಕಾರದ ಹೂವಿನಲ್ಲಿ ಪೂರ್ಣ ಅಂಡಾಶಯವಿರುತ್ತದೆ, ಕಾಯಿ ಕಚ್ಚುವುದು ಅದೇ. ಬುಡ ಸಣ್ಣಗಿದ್ದು ಗಂಟೆಯಂತೆ ತೆರೆದದ್ದು ಗಂಡು, ಕೆಲವು ದಿನಕ್ಕೆ ಉದುರುತ್ತದೆ. ತೋಟದಲ್ಲಿ ಹೂ ಉದುರಿದ್ದು ಕಂಡು ಔಷಧ ಹೊಡೆಯುವ ಮೊದಲು ಯಾವ ಹೂ ಉದುರಿದೆ ಎಂದು ನೋಡಬೇಕು. ಮಾಗಿದ ಹಣ್ಣಿನ ಕಿರೀಟದೊಳಗೆ ಇಣುಕಿದರೆ ಒಣಗಿದ ಕೇಸರಗಳು ಹಾಗೇ ಉಳಿದಿರುತ್ತವೆ. ನಾವು ತಿನ್ನುವ ಕೆಂಪು ರಸಭಾಗ ಬೀಜದ ಹೊರಸಿಪ್ಪೆ. ಒಣಗಿದ ನೆಲಕ್ಕೆ ಥಟ್ಟನೆ ನೀರು ಬಿದ್ದರೆ ಒಳಗಿನ ಬೀಜಗಳು ಉಬ್ಬಿದಷ್ಟು ಬೇಗ ತೊಗಟೆ ಹಿಗ್ಗದೆ ಹಣ್ಣು ಸೀಳುತ್ತದೆ.

ದಾಳಿಂಬೆಯ ಬೀಜದಿಂದ ಎದ್ದ ಗಿಡ ತಾಯಿಯಂತೆ ಇರುವುದಿಲ್ಲ. ಆದ್ದರಿಂದ ಗೂಟಿ ಕಟ್ಟುತ್ತಾರೆ: ಟೊಂಗೆಯ ತೊಗಟೆಯನ್ನು ಉಂಗುರದಷ್ಟು ಸುಲಿದು, ಹಸಿ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತುವುದು. ಎಲೆಯಿಂದ ಇಳಿಯುವ ಸಕ್ಕರೆ ಮತ್ತು ಬೆಳವಣಿಗೆಯ ಹಾರ್ಮೋನು ಸುಲಿದ ಜಾಗದಲ್ಲಿ ತಡೆದು ನಿಂತು ಅಲ್ಲಿ ಬೇರು ಒಡೆಯುತ್ತದೆ. ಕಟ್ಟಿಗೆಯ ಮೂಲಕ ನೀರು ಏರುತ್ತಲೇ ಇರುವುದರಿಂದ ಟೊಂಗೆ ಬಾಡದು. ಗಣೇಶ್ ಮತ್ತು ಗುಲೆಶಾ ರೆಡ್ ತಳಿಗಳ ಬೆರಕೆಯಿಂದ ಬಂದ ‘ಭಗವಾ’ ಹೀಗೆಯೇ ಸಾವಿರಾರು ಎಕರೆಗೆ ಹರಡಿತು. ಅಷ್ಟೂ ಗಿಡಗಳು ಒಂದೇ ಗಿಡದ ನಕಲುಗಳು. ಒಂದಕ್ಕೆ ತಾಗಿದ ರೋಗ ಎಲ್ಲಕ್ಕೂ ತಾಗಬಲ್ಲದು. ಎಲೆಯ ಮೇಲೆ ಎಣ್ಣೆ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಬಿರುಕು ತರುವ ದುಂಡಾಣು ಅಂಗಮಾರಿ ಈ ಭಾಗದ ಎಷ್ಟೋ ತೋಟಗಳನ್ನು ಕಡಿಸಿದೆ. ಸೊಲ್ಲಾಪುರದಲ್ಲಿ 2005ರಲ್ಲಿ ಆರಂಭವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದರ ಮೇಲೆ ಕೆಲಸ ಮಾಡುತ್ತಿದೆ. ಹೂ ಕಾಯಿಯ ದಿನಗಳು ಒಣ ಹವೆಗೆ ಬೀಳುವ ಹಸ್ತ ಬಹಾರದಲ್ಲಿ ರೋಗ ಕಡಿಮೆ. ಮಳೆಹನಿಯ ಜೊತೆಗೆ ಚಾಟಣಿಯ ಕತ್ತರಿಯಿಂದಲೂ ರೋಗದ ಗೂಟಿಯಿಂದಲೂ ಅದು ಹರಡುತ್ತದೆ. ಆದ್ದರಿಂದ ಗೂಟಿಗೆ ರೋಗವಿಲ್ಲದ ತೋಟದ ತಾಯಿಗಿಡವನ್ನೇ ಆರಿಸಬೇಕು, ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು.