ರಾಯಭಾರಿಯ ಚೀಲ

ರಾಯಭಾರಿಯ ಚೀಲವನ್ನು ಯಾರೂ ಬಿಚ್ಚುವಂತಿಲ್ಲ, ತಡೆಯುವಂತಿಲ್ಲ. 1961ರ ವಿಯೆನ್ನಾ ಒಪ್ಪಂದದ ಮಾತಿದು. ದೇಶದೇಶಗಳ ನಡುವಿನ ಕಾಗದಪತ್ರ ಕಾಪಾಡೋಕೆ ಮಾಡಿದ ಕಾನೂನು. ಬಿಚ್ಚದ ಚೀಲದಲ್ಲಿ ಬರೀ ಕಾಗದವೇ ಇರುತ್ತೆ ಅಂತ ನಾವು ನಂಬಬೇಕು.

ಡೆನ್ಮಾರ್ಕಿನ ಪತ್ರಕರ್ತ ಮ್ಯಾಡ್ಸ್ ಬ್ರೂಗರ್ ನಂಬಲಿಲ್ಲ. ದಲ್ಲಾಳಿಗಳಿಗೆ ದುಡ್ಡು ಕೊಟ್ಟು, ಲೈಬೀರಿಯಾ ದೇಶದ ರಾಜತಾಂತ್ರಿಕ ಅಂತ ಹೇಳುವ ಕಾಗದಪತ್ರ ಕೊಂಡ. ಸವಾರಿ ಬೂಟು, ಕಪ್ಪು ಕನ್ನಡಕ, ಬಾಯಲ್ಲಿ ಸಿಗರೇಟಿನ ಕೊಳವೆ. ಹಳೇ ವಸಾಹತು ದೊರೆಯ ವೇಷ ಕಟ್ಟಿ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ ಇಳಿದ. ಬೆಂಕಿಪೊಟ್ಟಣದ ಕಾರ್ಖಾನೆ ತೆರೀತೀನಿ ಅಂದ. ಮಾತು ಬೆಂಕಿಕಡ್ಡಿಯದು, ಕಣ್ಣು ವಜ್ರದ್ದು. ದೊಡ್ಡವರು ಒಬ್ಬೊಬ್ಬರಾಗಿ ಬಂದು ಕೂತರು, ಬಾಯಿ ಬಿಟ್ಟರು. ಬಚ್ಚಿಟ್ಟ ಕ್ಯಾಮರಾ ಎಲ್ಲ ನೋಡಿತು. ಲಂಚಕ್ಕೆ ಅಲ್ಲಿ ‘ಸಂತೋಷದ ಲಕೋಟೆ’ ಅಂತ ಹೆಸರು! 2011ರಲ್ಲಿ ‘ದಿ ಅಂಬಾಸಡರ್’ ಎಂಬ ಸಾಕ್ಷ್ಯಚಿತ್ರ ಹೊರಬಂತು. ಲೈಬೀರಿಯಾ ಸರ್ಕಾರ ಸಿಟ್ಟಾಯಿತು. ನೋಡಿದವರು ನಕ್ಕರು.

ಆದರೆ ಇದು ಕಪ್ಪುಜನರ ಕೊಳಕು ಅಂತ ನಗುವವರು ಒಂದಿಷ್ಟು ಹಿಂದಕ್ಕೆ ತಿರುಗಿ ನೋಡಲಿ. 1899ರಲ್ಲಿ ಫ್ರೆಂಚರು ಈ ಸೀಮೆಯ ನೆಲವನ್ನು ಕಂಪನಿಗಳಿಗೆ ಹಂಚಿಕೊಟ್ಟರು. ರಬ್ಬರು ತರದವರ ಹೆಂಡತಿ ಮಕ್ಕಳನ್ನು ಒತ್ತೆ ಹಿಡಿದರು. 1960ರಲ್ಲಿ ಬಾವುಟ ಬದಲಾಯಿತು, ಧಣಿ ಬದಲಾಗಲಿಲ್ಲ. 1977ರ ಡಿಸೆಂಬರ್ 4ರಂದು ಬೊಕಾಸಾ ಚಕ್ರವರ್ತಿಯ ಕಿರೀಟವನ್ನು ತನ್ನ ತಲೆಗೆ ತಾನೇ ಇಟ್ಟುಕೊಂಡ. ಆ ಮೆರವಣಿಗೆಗೂ ಫ್ರಾನ್ಸಿನ ದುಡ್ಡು ಹರಿಯಿತು. ಅದೇ ಬೊಕಾಸಾ ಫ್ರಾನ್ಸಿನ ಜಿಸ್ಕಾರ್ ದೆಸ್ತ್ಯಾಂಗೆ ವಜ್ರ ಕೊಟ್ಟಿದ್ದನ್ನು 1979ರಲ್ಲಿ ಬಯಲಿಗೆಳೆದದ್ದು ಯಾವ ಗಂಭೀರ ಪತ್ರಿಕೆ? ಗಂಭೀರದ್ದಲ್ಲ. ‘ಲ ಕನಾರ್ ಆಂಶೆನೆ’ ಎಂಬ ವ್ಯಂಗ್ಯದ ವಾರಪತ್ರಿಕೆ. 1981ರ ಚುನಾವಣೆಯಲ್ಲಿ ಜಿಸ್ಕಾರ್ ಸೋತ. ನಗೆಗೂ ಹಲ್ಲಿದೆ. ನಾವು ಒಪ್ತೀವಿ.

ಆದರೆ ಆ ಹಲ್ಲು ಕಚ್ಚಿದ್ದು ಯಾರನ್ನು? ಅಲ್ಲೇ ನಮ್ಮ ತಕರಾರು.

ಬ್ರೂಗರನ ಚಿತ್ರದಲ್ಲಿ ಇನ್ನೊಂದು ಜನ ಇದ್ದಾರೆ. ಹೊರಗಿನವರು ‘ಪಿಗ್ಮಿ’ ಅಂತ ಕರೆಯುವ ಕಾಡಿನ ಮಕ್ಕಳು. ಆ ಹೆಸರು ಅವರು ಇಟ್ಟುಕೊಂಡದ್ದಲ್ಲ. ಆ ದೇಶದಲ್ಲಿ ಅವರಲ್ಲಿ ಎಷ್ಟೋ ಮಂದಿ ನೆರೆಯ ಬೇಸಾಯಗಾರರ ಹೊಲಗಳಲ್ಲಿ ಜೀತದಂಥ ದುಡಿಮೆಗೆ ಬಿದ್ದವರು. ಕೂಲಿ ಅಂದರೆ ಹಳೇ ಬಟ್ಟೆ, ಒಂದಿಷ್ಟು ಹೊಗೆಸೊಪ್ಪು. ಕಾರ್ಖಾನೆಗೆ ಅವರೇ ಆಳುಗಳು ಅಂತ ಸುಳ್ಳು ದೊರೆ ಸಾರಿದ. ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ಬಿಳಿಯರ ಅಹಂಕಾರ ಅಣಕಿಸೋಕೇ ಹಾಗೆ ಮಾಡಿದ ಅಂತ ಹೇಳಬಹುದು. ಇರಲಿ. ಅಣಕಕ್ಕೂ ಅವರ ಮೈಯೇ ಬೇಕಾಯಿತಲ್ಲ!

ಮಂತ್ರಿಗಳ ಮಾತು ದಾಖಲಾಯಿತು. ದಲ್ಲಾಳಿಗಳ ಮಾತು ದಾಖಲಾಯಿತು. ಹೊಳೆಯ ದಂಡೆಯಲ್ಲಿ ಬೆನ್ನು ಬಗ್ಗಿಸಿ, ಜಲ್ಲಿ ಜಾಲಿಸಿ ವಜ್ರ ಹೆಕ್ಕುವವರು ಇದನ್ನೆಲ್ಲ ಏನಂತಾರೆ? ಅವರ ನಗೆ ಎಂಥದು?

ಚಿತ್ರ ಮುಗಿದ ಮೇಲೆ ಬ್ರೂಗರ್ ವೇಷ ಕಳಚಿಟ್ಟು ತನ್ನ ಊರಿಗೆ ಹೋದ. ಪಕ್ಕದಲ್ಲಿ ನಿಂತಿದ್ದವರಿಗೆ ಕಳಚೋಕೆ ವೇಷ ಎಲ್ಲಿತ್ತು?